ಮೂರನೇ ಗಡಿಯಾರ

ಮನೆಯಿಂದ
ಸೋಮವಾರ, ಮೇ ೨೬, ಬೆಳಿಗ್ಗೆ ಏಳೂವರೆ

ಪ್ರೀತಿಯ ಕಡ್ಡೀ,

ಹೇಗಿದ್ದೀಯ ಮಗಳೇ? ಎಡಗಾಲಿನ ಹಿಮ್ಮಡಿ ನೋವು ಕಡಿಮೆಯಾಯಿತೇ? ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟ ಕೂಡಲೇ ಮುಳ್ಳು ಚುಚ್ಚಿದ ಹಾಗಾಗುತ್ತದೆ ಎಂದು ನೀನು ಹೇಳಿದ್ದೆಯಂತೆ, ನಿನ್ನ ಚಿಕ್ಕಮ್ಮ ತಿಳಿಸಿದಳು. ನಿನ್ನ ಸುದ್ದಿಯೆಲ್ಲ ನನಗೆ ಅವಳ ಬಾಯಿಂದಲೇ ಬರಬೇಕು. ಬರುವಷ್ಟರಲ್ಲಿ ಅವಳು ಅದಕ್ಕೆ ಉಪ್ಪು ಖಾರ ಹಚ್ಚಿರುತ್ತಾಳೆ, ನಾನು ಅದನ್ನು ತೊಳೆದು ನಿಜ ಎಷ್ಟು ಎಂದು ಹುಡುಕಿಕೊಳ್ಳುತ್ತೇನೆ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಎಂಟು ಗಂಟೆ ನಿಂತೇ ಕೆಲಸ ಮಾಡುತ್ತೀಯಲ್ಲ, ಕಾಲ ಕೆಳಗೆ ಮೆತ್ತನೆಯದೊಂದು ಮ್ಯಾಟ್ ಹಾಕಿಕೊ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇದನ್ನೆಲ್ಲ ಹೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಹೇಳದೆ ಇರಲು ಮಾತ್ರ ಆಗುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಬೈಂಡಿಂಗ್ ಅಂಗಡಿ ಹೇಗೋ ನಡೆಯುತ್ತಿದೆ. ಹೊಲಿಗೆ ಹಾಕಿಸಿ ರಟ್ಟು ಕಟ್ಟಿಸುವವರು ಕಡಿಮೆ. ಬರುವವರೆಲ್ಲ ಕಾಲೇಜಿನವರು, ಪ್ರಾಜೆಕ್ಟ್ ರಿಪೋರ್ಟು ಹಿಡಿದು ಬಂದು ಅರ್ಧ ಗಂಟೆಯಲ್ಲಿ ಬೇಕು ಎನ್ನುತ್ತಾರೆ. ಅಂಟು ಒಣಗುವುದಕ್ಕೇ ಎರಡು ಗಂಟೆ ಬೇಕಪ್ಪ ಎಂದರೆ ಫ್ಯಾನ್ ಹಾಕಿ ಅಂಕಲ್ ಎಂದು ನನಗೇ ಬುದ್ಧಿ ಹೇಳುತ್ತಾರೆ. ಬಚ್ಚಲಿನ ನಲ್ಲಿ ಸೋರುತ್ತಿತ್ತು, ರಿಪೇರಿ ಮಾಡಿಸಿದೆ. ನಿನ್ನ ಅಮ್ಮ ಹೋಗಿ ಹದಿನಾಲ್ಕು ತಿಂಗಳಾಯಿತು. ಅವಳ ಕನ್ನಡಕ ಇನ್ನೂ ಫ್ರಿಜ್ಜಿನ ಮೇಲೆಯೇ ಇದೆ, ತೆಗೆದಿಡಲು ಕೈ ಬಂದಿಲ್ಲ. ಇಷ್ಟು ಬರೆಯುವುದರೊಳಗೆ ಮೂರು ಹಾಳೆ ಹರಿದಿದ್ದೇನೆ. ಆಯ್ಕೆಯ ಓಟದ ದಿನದ ಒಂದು ವಿಷಯ ನಿನಗೆ ಹೇಳುವುದಿದೆ. ಹೇಳಬೇಕಾಗಿದ್ದದ್ದು ಐದು ವರ್ಷದ ಹಿಂದೆ. ನೀನು ಕಡ್ಡಿ ಮುರಿದ ಹಾಗೆ ಮಾತಾಡುವವಳು, ನಾನು ಸುತ್ತಿ ಬಳಸಿ ಬರುವವನು. ಈ ಕಾಗದದಲ್ಲೂ ಸ್ವಲ್ಪ ಸುತ್ತುತ್ತೇನೆ, ಹೊಟ್ಟೆಗೆ ಹಾಕಿಕೊ. ಲಕೋಟೆ ಅಂಟಿಸುವ ಮೊದಲು ಹೇಳಿಯೇ ತೀರುತ್ತೇನೆ.

ಮೊದಲು ನಗುವಂಥದ್ದು. ನಾನು ಓಡಲು ಶುರುಮಾಡಿದ್ದೇನೆ. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ನನಗೆ ಅರವತ್ತನಾಲ್ಕು, ಬರಬೇಕಾದದ್ದು ನಾಲ್ಕು ವರ್ಷ ತಡವಾಗಿ ಬಂದಿದೆ. ಹನ್ನೆರಡು ವರ್ಷ ಗಡಿಯಾರ ಹಿಡಿದು ಮೈದಾನದ ಅಂಚಿನಲ್ಲಿ ನಿಂತು, ‘ಮೊಣಕಾಲು ಎತ್ತು, ಭುಜ ಸಡಿಲ ಬಿಡು’ ಎಂದು ನಿನ್ನ ಪ್ರಾಣ ತಿಂದವನಿಗೆ, ಮೊಣಕಾಲು ಎತ್ತುವುದು ಎಷ್ಟು ಕಷ್ಟ ಎಂದು ಈಗ ಗೊತ್ತಾಗಿದೆ. ಚಳಿಗಾಲದಲ್ಲಿ ನಿನ್ನ ಕೋಣೆಯ ಬೀರು ಒರೆಸುತ್ತಿದ್ದೆ. ಬಾಗಿಲಿನ ಒಳಮೈಗೆ ನೀನು ವರ್ಷ ವರ್ಷವೂ ಅಂಟಿಸಿದ ಹಾಳೆಗಳು ಹಾಗೆಯೇ ಇದ್ದವು. ಪ್ರತಿ ಹಾಳೆಯಲ್ಲೂ ಮೂರು ಗುರಿ. ಕೈಗೆಟಕುವುದೊಂದು, ಎಗರಿದರೆ ಎಟಕುವುದೊಂದು, ಕೇಳಿದವರು ನಗುವುದೊಂದು. ಕೊನೆಯ ಹಾಳೆಯಲ್ಲಿ ಮೊದಲನೆಯದು, ಮಂಗಳವಾರದ ವೇಗದ ಅಭ್ಯಾಸ ಒಂದನ್ನೂ ತಪ್ಪಿಸುವುದಿಲ್ಲ. ಎರಡನೆಯದು, ಸಾವಿರದೈನೂರು ಮೀಟರನ್ನು ನಾಲ್ಕೂವರೆ ನಿಮಿಷದೊಳಗೆ. ಮೂರನೆಯದು, ಡ್ರಾಯಿಂಗ್ ಮೇಷ್ಟ್ರು ಕಣ್ಣು ಬಿಟ್ಟುಕೊಂಡು ಗಡಿಯಾರ ಒತ್ತುವುದನ್ನೇ ಮರೆಯುವಷ್ಟು ಜೋರಾಗಿ ಓಡುವುದು. ಬೀರುವಿನ ಮುಂದೆ ನೆಲದ ಮೇಲೆ ಕೂತು ನಕ್ಕೆ, ಆಮೇಲೆ ಅತ್ತೆ. ಅಂಗಡಿಯಿಂದ ಒಂದು ಹಾಳೆ ತಂದು ಅದರ ಕೆಳಗೇ ನನ್ನದನ್ನೂ ಅಂಟಿಸಿದೆ.

ನನ್ನ ಮೊದಲನೆಯ ಗುರಿ, ಮೈದಾನದ ಒಂದು ಸುತ್ತನ್ನು ನಿಲ್ಲದೆ ಓಡುವುದು. ಅದಕ್ಕೆ ಐದು ವಾರ ಹಿಡಿಯಿತು. ಎರಡನೆಯದು, ನಾಲ್ಕು ಸುತ್ತು, ಅಂದರೆ ಒಂದು ಮೈಲಿ, ಹದಿನಾಲ್ಕು ನಿಮಿಷದಲ್ಲಿ. ಮಾರ್ಚಿನಲ್ಲಿ ಹದಿನಾಲ್ಕು ಹತ್ತು ಬಂತು, ಏಪ್ರಿಲ್‌ನಲ್ಲಿ ಹದಿಮೂರು ಐವತ್ತೆರಡು. ನೀನು ನಕ್ಕರೂ ಸರಿ, ಮನೆಗೆ ಬಂದು ಯಾರಿಗೆ ಹೇಳುವುದು ಎಂದು ತಿಳಿಯದೆ ಅಂಗಡಿಗೆ ಬಂದ ಗಿರಾಕಿಗೆ ಹೇಳಿದೆ, ಆತ ತನ್ನ ಪುಸ್ತಕ ಸಿದ್ಧವಾಗಿದೆಯೇ ಎಂದು ಕೇಳಿದ. ಮೂರನೆಯದು, ನಗುವ ಗುರಿ: ನಿಮ್ಮ ಕ್ಲಬ್ಬಿನ ಬಿಯರ್ ಮೈಲಿಯ ದಿನ ಹಿರಿಯರಿಗೆಂದು ಒಂದು ಸುತ್ತು, ಒಂದು ಕ್ಯಾನು ಇಟ್ಟಿದ್ದಾರಂತೆ; ಅದರಲ್ಲಿ ಓಡುವುದು. ಓಡುವುದು ಎಂದರೆ, ಯಾವ ಮುಖ ಹೊತ್ತು ನಿನ್ನ ಮುಂದೆ ಬರಲಿ ಎಂಬುದಕ್ಕೆ ಒಂದು ನೆವ.

ಬಿಯರ್ ಮೈಲಿಯ ಬಗ್ಗೆ ನಾನು ಆಡಿದ ಮಾತು ನಿನಗೆ ನೆನಪಿರುತ್ತದೆ. ನಾಲ್ಕು ವರ್ಷದ ಹಿಂದೆ ನೀನು ಫೋನಿನಲ್ಲಿ ಖುಷಿಯಿಂದ, ‘ಅಪ್ಪ, ನಾಲ್ಕು ಸುತ್ತು, ಒಂದೊಂದು ಸುತ್ತಿಗೂ ಮೊದಲು ಒಂದೊಂದು ಕ್ಯಾನು ಖಾಲಿ ಮಾಡ್ಬೇಕು, ಅದನ್ನೂ ಸೇರಿಸಿಯೇ ಟೈಮು’ ಎಂದು ವಿವರಿಸುತ್ತಿದ್ದೆ. ನಾನು, ‘ಕುಡಿದು ಓಡೋರನ್ನ ಓಟಗಾರರು ಅನ್ನಲ್ಲ, ಸರ್ಕಸ್ಸಿನವರು ಅಂತಾರೆ’ ಎಂದೆ. ನೀನು ಫೋನ್ ಇಟ್ಟೆ. ಅಲ್ಲಿಂದ ಮುಂದೆ ನಿನ್ನ ಮಾತೆಲ್ಲ ಅಮ್ಮನ ಜೊತೆ, ನನಗೆ ಉಳಿದದ್ದು ಹೂಂ ಮತ್ತು ಉಹೂಂ. ಓಟ ಬಿಟ್ಟೇ ಬಿಡುತ್ತೀಯೇನೋ ಎಂದಿದ್ದಾಗ ನಿನ್ನನ್ನು ಮತ್ತೆ ಮೈದಾನಕ್ಕೆ ಕರೆತಂದದ್ದು ಆ ಸರ್ಕಸ್ಸೇ ಎಂದು ನನಗೆ ಆಗ ಹೊಳೆಯಲಿಲ್ಲ. ಈಗ ಅದರ ಅಭ್ಯಾಸ ಏನೆಂದು ನನಗೂ ಗೊತ್ತು. ಬಿಯರನ್ನು ಈ ಬಾಯಿಗೆ ಸೋಕಿಸಿದವನಲ್ಲ ನಾನು. ಮೊದಲ ಆರು ವಾರ ಸೋಡಾ ಕುಡಿದು ಓಡಿದೆ. ಇನ್ನೂರು ಮೀಟರು ಹೋಗುವುದರೊಳಗೆ ಹೊಟ್ಟೆಯಲ್ಲಿದ್ದ ಗಾಳಿಯೆಲ್ಲ ಎದೆಗೆ ಬಂದು ಕೂತುಕೊಳ್ಳುತ್ತದೆ. ತೇಗಬೇಕೋ ಉಸಿರಾಡಬೇಕೋ ತಿಳಿಯುವುದಿಲ್ಲ. ಆಮೇಲೆ ಒಂದು ದಿನ ಎದೆ ಗಟ್ಟಿ ಮಾಡಿಕೊಂಡು ಅಂಗಡಿಗೆ ಹೋಗಿ ಒಂದು ಕ್ಯಾನು ತಂದೆ. ಔಷಧಿ ಅಂಗಡಿಯವನು ನೋಡಿಬಿಟ್ಟ, ನೋಡಲಿ ಎಂದುಕೊಂಡೆ. ಇಂಥದ್ದನ್ನು ನಾಲ್ಕು ಕುಡಿದು, ಒಂದು ಮೈಲಿಯನ್ನೂ ಓಡಿ, ಎಂಟು ಚಿಲ್ಲರೆ ನಿಮಿಷದಲ್ಲಿ ಮುಗಿಸುತ್ತೀಯಲ್ಲ, ಅದಕ್ಕೆ ಎಂಥ ಹಟ ಬೇಕು ಎಂದು ಅವತ್ತು ತಿಳಿಯಿತು. ನಾನು ಆಡಿದ್ದು ತಪ್ಪು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವರನ್ನು ನೋಡಿಯೇ.

ನಿನ್ನೆ ನಾನು ಬಂದಿದ್ದೆ. ಬಾಗಿಲು ಮುಚ್ಚಿದ ಆ ಕಾಗದದ ಕಾರ್ಖಾನೆಯ ಹಿಂದಿನ ಮೈದಾನಕ್ಕೆ. ಬೆಳಿಗ್ಗೆ ಐದೂಮುಕ್ಕಾಲರ ಬಸ್ಸು ಹತ್ತಿ, ಚೀಲದಲ್ಲಿ ಶೂ, ಒಂದು ಟವೆಲ್ಲು, ಒಂದು ಜೊತೆ ಬಟ್ಟೆ ಇಟ್ಟುಕೊಂಡು ಬಂದೆ. ಗೇಟಿನ ಬಳಿ ಕಪ್ಪು ಹಲಗೆಯ ಮೇಲೆ ಓಡುವವರೆಲ್ಲ ತಮ್ಮ ತಮ್ಮ ಅಡ್ಡಹೆಸರು, ಅದರ ಮುಂದೆ ಅವತ್ತಿನ ಗುರಿ ಬರೆದಿದ್ದರು. ‘ಕಡ್ಡಿ, ಎಂಟೂವರೆ’ ಎಂದು ನಿನ್ನ ಅಕ್ಷರದಲ್ಲಿತ್ತು. ನಾನಿಟ್ಟ ಹೆಸರನ್ನು ನೀನು ಬಿಟ್ಟಿಲ್ಲ. ಅದನ್ನು ಓದಿದ ಮೇಲೆ ನೇರ ನಿನ್ನ ಹತ್ತಿರ ಬರಬೇಕಿತ್ತು, ಧೈರ್ಯ ಸಾಲಲಿಲ್ಲ. ನಿಮ್ಮ ಓಟ ಮುಗಿಯಲಿ, ಹಿರಿಯರ ಸುತ್ತಿಗೆ ಕರೆದಾಗ ಹೋದರಾಯಿತು ಎಂದು ದೂರದ ತಿರುವಿನ ಬೇಲಿಯ ಆಚೆ, ಹಳೆಯ ರೋಲರು ನಿಲ್ಲಿಸಿದ್ದಾರಲ್ಲ, ಅಲ್ಲಿ ಮರದ ಮರೆಗೆ ನಿಂತೆ. ಅಭ್ಯಾಸಬಲ, ಜೇಬಿನಲ್ಲಿ ಗಡಿಯಾರವಿತ್ತು. ಸೀಟಿ ಊದಿದ ಕೂಡಲೇ ಒತ್ತಿದೆ.

ನೀನು ಕ್ಯಾನು ಎತ್ತಿ ಕುಡಿದು, ತಲೆಯ ಮೇಲೆ ಬೋರಲು ಹಿಡಿದು ಖಾಲಿ ಎಂದು ತೋರಿಸಿ ಓಡುವುದನ್ನು ನಾಲ್ಕು ಸಲ ನೋಡಿದೆ. ನಗುತ್ತಾ ಓಡುತ್ತಿದ್ದೆ. ನನ್ನ ಗಡಿಯಾರದ ಮುಂದೆ ನೀನು ನಗುತ್ತಾ ಓಡಿದ್ದನ್ನು ನಾನು ಒಂದು ದಿನವೂ ಕಂಡವನಲ್ಲ. ನಾಲ್ಕನೆಯ ಸುತ್ತಿನಲ್ಲಿ, ರೋಲರಿನ ಪಕ್ಕ, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ನೀನು ಬಗ್ಗಿ ವಾಂತಿ ಮಾಡಿಕೊಂಡೆ. ಮೂರು ಸೆಕೆಂಡೂ ಇಲ್ಲ. ಮುಂಗೈಯಲ್ಲಿ ಬಾಯಿ ಒರೆಸಿ ಓಡಿದೆ. ಅಲ್ಲಿ ಯಾವ ತೀರ್ಪುಗಾರನೂ ಇರಲಿಲ್ಲ. ನಿನ್ನ ಹಿಂದಿದ್ದವಳು ಇನ್ನೂ ಆ ಕಡೆಯ ತಿರುವಿನಲ್ಲಿದ್ದಳು. ನೋಡಿದವನು ನಾನೊಬ್ಬನೇ. ನೀನು ಗೆರೆ ದಾಟಿದಾಗ ಎಂಟು ನಿಮಿಷ ಇಪ್ಪತ್ತೊಂದು ಸೆಕೆಂಡು. ಎಲ್ಲರೂ ಚಪ್ಪಾಳೆ ತಟ್ಟಿದರು, ಸೀಟಿ, ಗಡಿಯಾರ ಎರಡನ್ನೂ ಹಿಡಿದಿದ್ದ ನಿಮ್ಮ ಕ್ಲಬ್ಬಿನ ಬೇಕರಿಯಾಕೆ ಓಡಿಬಂದು ನಿನ್ನ ಕೈ ಎತ್ತಿ ಹಿಡಿದಳು. ನೀನು ಕೈ ಬಿಡಿಸಿಕೊಂಡು, ಹೊಟ್ಟೆ ಮುಟ್ಟಿ ತೋರಿಸಿ, ಒಂದು ಬೆರಳೆತ್ತಿದೆ. ವಾಂತಿ ಮಾಡಿಕೊಂಡವರು ಇನ್ನೊಂದು ಸುತ್ತು ಓಡಬೇಕು ಎಂಬುದು ನಿಮ್ಮ ನಿಯಮ. ಯಾರೂ ಕೇಳದಿದ್ದರೂ ಆ ಸುತ್ತನ್ನು ನೀನು ಒಬ್ಬಳೇ ಓಡಿದೆ. ವರ್ಷವೆಲ್ಲ ಬೆವರು ಹರಿಸಿದ ಗುರಿಯನ್ನು, ಕೈಗೆ ಬಂದದ್ದನ್ನು, ನೀನಾಗಿಯೇ ಬಿಟ್ಟುಕೊಟ್ಟೆ. ಬೇಕರಿಯಾಕೆ ಹತ್ತು ನಿಮಿಷ ಇಪ್ಪತ್ತೆರಡು ಪಾಯಿಂಟ್ ನಾಲ್ಕು ಎಂದು ಕೂಗಿ ಹೇಳಿದಳು. ನನ್ನ ಗಡಿಯಾರದಲ್ಲೂ ಸರಿಯಾಗಿ ಅಷ್ಟೇ ಇತ್ತು. ಹಿರಿಯರನ್ನು ಕರೆದರು. ನಾನು ಶೂ ಹೊರಗೆ ತೆಗೆಯಲೇ ಇಲ್ಲ, ಚೀಲ ಎತ್ತಿಕೊಂಡು ಬಸ್‌ಸ್ಟಾಪಿಗೆ ನಡೆದೆ. ನಿನ್ನ ಪಕ್ಕದಲ್ಲಿ ನಿಲ್ಲುವ ಯೋಗ್ಯತೆ ನನಗಿರಲಿಲ್ಲ, ಯಾಕೆಂದು ಈಗ ಹೇಳುತ್ತೇನೆ.

ಸಾವಿರದೈನೂರು ಮೀಟರನ್ನು ನಾಲ್ಕೂವರೆ ನಿಮಿಷದೊಳಗೆ ಮುಗಿಸಿದವರಿಗೇ ತಂಡದಲ್ಲಿ ಜಾಗ ಎಂದಿದ್ದ ಆ ಆಯ್ಕೆಯ ದಿನ, ಮೂರನೇ ಗಡಿಯಾರದವರು ಬರಲಿಲ್ಲ. ಮೊದಲ ಗಡಿಯಾರ ಹಿಡಿದಿದ್ದ ಡ್ರಾಯಿಂಗ್ ಮೇಷ್ಟ್ರು ಅದನ್ನು ಹಿಡಿಯಲು ನನಗೆ ಹೇಳಿದರು. ಮಗಳು ಓಡುತ್ತಿದ್ದಾಳೆ, ಬೇಡ ಎಂದೆ. ಎರಡು ಸಲ ಬೇಡ ಎಂದೆ. ಬೇರೆ ಯಾರೂ ಇರಲಿಲ್ಲ. ಪದ್ಧತಿ ನಿನಗೆ ಗೊತ್ತು. ಮೂವರೂ ತಮ್ಮ ಗಡಿಯಾರ ಒಬ್ಬರಿಗೊಬ್ಬರು ತೋರಿಸದೆ ಚೀಟಿ ಬರೆದು ಕೊಡಬೇಕು. ಇಬ್ಬರದು ಒಂದೇ ಬಂದರೆ ಅದೇ ಲೆಕ್ಕ, ಇಲ್ಲವಾದರೆ ನಡುವಿನದು. ಅದಕ್ಕೆ ಹಿಂದಿನ ತಿಂಗಳು ಅಭ್ಯಾಸದ ವೇಳೆ ಮೇಷ್ಟ್ರು ಎಲ್ಲರ ಎದುರು, ‘ಮಗಳು ಬಂದ್ರೆ ನಿಮ್ಮ ಹೆಬ್ಬೆರಳಿಗೂ ಕಾಲು ಬರುತ್ತಲ್ಲ ಸ್ವಾಮಿ’ ಎಂದು ತಮಾಷೆ ಮಾಡಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಇನ್ನೊಬ್ಬರು ಸೇರಿಸಿದ್ದರು. ನಾನೂ ನಕ್ಕಿದ್ದೆ, ಆದರೆ ಆ ಮಾತು ಒಳಗೆ ಉಳಿದುಬಿಟ್ಟಿತ್ತು. ನೀನು ಕೊನೆಯ ಹತ್ತು ಮೀಟರಿನಲ್ಲಿ ನನ್ನ ಕಡೆ ಒಮ್ಮೆ ತಿರುಗಿದೆ, ಗೆರೆ ದಾಟಿದೆ, ನಾನು ಒತ್ತಿದೆ. ನೋಡಿದರೆ ನಾಲ್ಕು ನಿಮಿಷ ಇಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತು.

ಮಗಳೇ, ನಾನು ಚೀಟಿಯಲ್ಲಿ ಮೂವತ್ತು ಪಾಯಿಂಟ್ ಒಂದು ಎಂದು ಬರೆದೆ.

ಯಾಕೆ ಬರೆದೆ ಎಂದು ಐದು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆಬ್ಬೆರಳು ಪ್ರೀತಿಗೆ ಮೊದಲೇ ಒತ್ತಿರಬಹುದು, ನ್ಯಾಯವಾಗಿ ಸೆಕೆಂಡಿನ ಹತ್ತರಲ್ಲಿ ಎರಡು ಪಾಲು ಸೇರಿಸಬೇಕು ಎಂದು ಆ ಕ್ಷಣ ನನಗೆ ನಿಜವಾಗಿ ಅನ್ನಿಸಿತು. ಉಳಿದಿಬ್ಬರದು ಸರಿಯಾಗಿದ್ದರೆ ನೀನು ಹೇಗೂ ಪಾರಾಗುತ್ತೀಯ, ನನ್ನ ಮೇಲೂ ಮಾತು ಬರುವುದಿಲ್ಲ ಎಂದೂ ಅನ್ನಿಸಿತು. ನಿಜ ಹೇಳಬೇಕೆಂದರೆ ಊರ ಬಾಯಿಗೆ ಹೆದರಿದೆ. ಮೇಷ್ಟ್ರ ಚೀಟಿ ಮೂವತ್ತು ಪಾಯಿಂಟ್ ಎರಡು, ಎರಡನೇ ಗಡಿಯಾರ ಹಿಡಿದಿದ್ದ ಅಂಚೆ ಕಚೇರಿಯವರದು ಇಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತು. ಕಂಡದ್ದನ್ನು ಕಂಡ ಹಾಗೆ ಬರೆದಿದ್ದರೆ ಎರಡು ಒಂದೇ ಆಗಿ ನೀನು ಆಯ್ಕೆಯಾಗುತ್ತಿದ್ದೆ. ನಡುವಿನದು ನನ್ನ ಸುಳ್ಳೇ ಆಯಿತು. ಅದನ್ನು ಕೂಗಿ ಹೇಳಿದಾಗ ನೀನು ಕೈ ಮೊಣಕಾಲ ಮೇಲಿಟ್ಟು ಬಗ್ಗಿದ್ದವಳು ತಲೆಯೆತ್ತಿ ನನ್ನನ್ನು ನೋಡಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡುವ ಬದಲು, ‘ಕೊನೇಲಿ ತಿರುಗಿ ನೋಡಿದೆಯಲ್ಲ, ಅದಕ್ಕೇ ಹೋಯ್ತು’ ಎಂದೆ. ನನ್ನ ತಪ್ಪನ್ನು ಎಲ್ಲರ ಮುಂದೆ ನಿನ್ನ ಕುತ್ತಿಗೆಗೆ ಕಟ್ಟಿದೆ. ಮರುದಿನವೇ ನೀನು ಶೂಗಳನ್ನು ಅಟ್ಟಕ್ಕೆ ಎಸೆದೆ, ಮೂರು ತಿಂಗಳಲ್ಲಿ ಕೆಲಸ ಹುಡುಕಿಕೊಂಡು ಮನೆ ಬಿಟ್ಟೆ.

ಆಮೇಲೆ ಎಷ್ಟೋ ಬೆಳಿಗ್ಗೆ ಮೈದಾನದಲ್ಲಿ ಕೂತು ಓಡುವ ಹುಡುಗಿಯರ ಮೇಲೆ ನನ್ನ ಹೆಬ್ಬೆರಳನ್ನು ಪರೀಕ್ಷೆ ಮಾಡಿದ್ದೇನೆ. ಅದು ಯಾರಿಗೂ ಮೊದಲೇ ಒತ್ತಲಿಲ್ಲ. ಅವರು ಮಗಳಲ್ಲವಲ್ಲ, ಮಗಳು ಬಂದರೆ ಒತ್ತುತ್ತದೇನೋ ಎಂಬ ಒಂದು ನೆವ ಮಾತ್ರ ನನಗೆ ಉಳಿದಿತ್ತು. ನಿನ್ನೆ ನಿನ್ನ ಮೇಲೆಯೇ ಒತ್ತಿ ನೋಡಿದೆ, ಬೇಕರಿಯಾಕೆಯ ಗಡಿಯಾರಕ್ಕೂ ನನ್ನದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆ ನೆವವೂ ಹೋಯಿತು. ನೀನು ತಿರುಗಿ ನೋಡಿದ್ದರಿಂದ ಏನೂ ಹೋಗಲಿಲ್ಲ. ನೀನು ಆಯ್ಕೆಯಾಗುವಷ್ಟು ಓಡಿದ್ದೆ.

ಇದನ್ನೇ ಬರೆದು ಸಹಿ ಹಾಕಿ ಇವತ್ತು ಮಧ್ಯಾಹ್ನ ಆಯ್ಕೆ ನಡೆಸಿದ ಸಂಘದ ಕಚೇರಿಗೆ ಕೊಡುತ್ತೇನೆ, ನಕಲು ಈ ಕಾಗದದ ಜೊತೆಗಿದೆ. ಪುಸ್ತಕದಲ್ಲಿ ಬರೆದದ್ದನ್ನು ಅವರು ಬದಲಿಸಲಾರರು, ನಿನ್ನ ಆ ವರ್ಷವನ್ನು ಯಾರೂ ತಂದುಕೊಡಲಾರರು. ಆಗ ನಿನಗೆ ಇಪ್ಪತ್ಮೂರು, ಈಗ ಇಪ್ಪತ್ತೆಂಟು. ಕ್ಷಮಿಸು ಎಂದು ಕೇಳುವುದು ನನಗೆ ಸುಲಭ, ಕೊಡುವುದು ನಿನಗೆ ಕಷ್ಟ, ಅದಕ್ಕೆ ಕೇಳುತ್ತಿಲ್ಲ. ನೀನಿಲ್ಲದೆ ನನಗೆ ಬಹಳ ಕಷ್ಟವಾಗಿದೆ, ಅದನ್ನು ಮಾತ್ರ ಮುಚ್ಚಿಡುವುದಿಲ್ಲ. ಬೈದು ಒಂದು ಸಾಲು ಬರೆದರೂ ಸಾಕು.

ಹಿಮ್ಮಡಿಗೆ ಬಿಸಿನೀರಿನ ಶಾಖ ಕೊಡು, ನಿರ್ಲಕ್ಷ್ಯ ಮಾಡಬೇಡ. ನಿನ್ನೆ ಜೊತೆಗಿದ್ದ ಗೆಳತಿಯರಿಗೂ ಆ ಬೇಕರಿಯಾಕೆಗೂ, ಅವರಿಗೆ ನಾನು ಯಾರೆಂದು ಗೊತ್ತಿಲ್ಲದಿದ್ದರೂ, ನನ್ನ ನಮಸ್ಕಾರ ತಿಳಿಸು. ಎಲ್ಲಿದ್ದರೂ ಚೆನ್ನಾಗಿರು ತಾಯಿ, ನೂರು ಕಾಲ ಬಾಳು.

ಇಂತು ನಿನ್ನ
ಅಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದ್ದೇನೆ, ಅಂಚೆ ಡಬ್ಬಿ ತೆರೆಯಲು ಇನ್ನು ಕಾಲು ಗಂಟೆಯಿದೆ. ನಿನ್ನ ಅಮ್ಮನಿಗೆ ಇದು ಗೊತ್ತಿತ್ತು. ಆಸ್ಪತ್ರೆಯಲ್ಲಿ, ಅವಳು ಹೋಗುವ ಎಂಟು ದಿನ ಮೊದಲು, ನಾನೇ ಹೇಳಿದೆ. ಅವಳು, ‘ಇದನ್ನ ನಾನು ಹೇಳಲ್ಲ, ನೀವೇ ಅವಳಿಗೆ ಹೇಳ್ಬೇಕು’ ಎಂದಳು, ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಕೊನೆಯವರೆಗೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನೀನು ಬಂದಾಗ ಅದನ್ನು ಗಮನಿಸಿ ವಾರ್ಡಿನ ಹೊರಗೆ, ‘ಅಮ್ಮ ನಿನ್ನ ಹತ್ರ ಯಾಕೆ ಮಾತಾಡ್ತಿಲ್ಲ?’ ಎಂದು ಕೇಳಿದೆ. ಔಷಧಿಯಿಂದ ಬುದ್ಧಿ ಮಂಕಾಗಿದೆ, ನನ್ನ ಗುರುತು ಸಿಗುತ್ತಿಲ್ಲ ಎಂದೆ. ನೀನು ನಂಬಿ ನನ್ನ ಭುಜದ ಮೇಲೆ ಕೈಯಿಟ್ಟೆ. ಆ ಕೈಯನ್ನು ನಾನು ಸುಳ್ಳು ಹೇಳಿ ಪಡೆದೆ. ಅವಳ ಕಾರ್ಯವೆಲ್ಲ ಮುಗಿಸಿ ಹೊರಡುವ ದಿನ ನೀನು, ‘ಅಮ್ಮ ಯಾವತ್ತೂ ನಿನ್ನ ಕಡೆಗೇ ಇದ್ದಳು’ ಎಂದು ಹೇಳಿ ಹೋದೆ. ಇಲ್ಲ ಮಗಳೇ. ಅವಳಿಗೆ ನನ್ನ ಗುರುತು ಚೆನ್ನಾಗಿ ಸಿಗುತ್ತಿತ್ತು. ಕೊನೆಯ ಎಂಟು ದಿನ ಅವಳು ನಿನ್ನ ಕಡೆಗಿದ್ದಳು.